ಮಿತಾಕ್ಷರೆಯಿಂದ ಮರಣಶಾಸನದವರೆಗೆ

ಅಣ್ಣತಮ್ಮಂದಿರು ಪಾಲಿಗೆ ಕುಳಿತಾಗಲೆಲ್ಲ ಕನ್ನಡನಾಡಿನ ಪಂಡಿತನೊಬ್ಬನ ಮಾತು ಅವರ ನಡುವೆ ನಡೆಯುತ್ತಿರುತ್ತದೆ. ಅವನೇ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ ಅವನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಭಾರತದ ಬಹುಭಾಗಕ್ಕೆ ದಾಯಶಾಸ್ತ್ರವಾಯಿತು.

ಬಂಗಾಳದ ಜೀಮೂತವಾಹನನ ‘ದಾಯಭಾಗ’ದಂತೆ ತಂದೆ ತೀರಿದ ಮೇಲೆಯೇ ಮಗನಿಗೆ ಹಕ್ಕು. ಮಿತಾಕ್ಷರೆಯಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹಾಗಾಗಿ ತಂದೆಯು ಅದನ್ನು ಮನಬಂದವರಿಗೆ ಬರೆದುಕೊಡುವಂತಿರಲಿಲ್ಲ. ಗಂಡುಮಕ್ಕಳಿಗೆ ಇದು ರಕ್ಷೆಯಾಯಿತು, ಹೆಣ್ಣುಮಕ್ಕಳು ಹೊರಗುಳಿದರು. ಆದರೂ ವಿಜ್ಞಾನೇಶ್ವರನು ಹೆಂಗಸಿಗೆ ದಾಯವಾಗಿ ಬಂದುದೂ ಸ್ತ್ರೀಧನವೇ ಎಂದಿದ್ದನು. ಆ ಔದಾರ್ಯವನ್ನು ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ!

ತಿದ್ದುಪಡಿ ನಿಧಾನವಾಗಿ ಬಂದಿತು. 1933ರಲ್ಲಿ ಮೈಸೂರು ಸಂಸ್ಥಾನವು ಪಾಲಾಗುವಾಗ ವಿಧವೆ, ತಾಯಿ, ಅವಿವಾಹಿತ ಮಗಳಿಗೂ ಪಾಲು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನು ಮರಣಶಾಸನದಿಂದ ಕೊಡಲು ಅವಕಾಶವಿತ್ತಿತು. 1994ರಲ್ಲಿ ಕರ್ನಾಟಕವು ಮಗಳನ್ನು ಹುಟ್ಟಿನಿಂದಲೇ ಪಾಲುದಾರಳೆಂದಿತು. ಅದಕ್ಕೆ ಮುಂಚೆ ಮದುವೆಯಾದವಳನ್ನು ಬಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವೂ ಅಳಿಯಿತು. ಆಗ ತಂದೆ ಬದುಕಿರಬೇಕಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದುದರಿಂದ ಉಯಿಲು ಬರೆಯುವ ಗೃಹಸ್ಥನು ಮೊದಲು ಪಿತ್ರಾರ್ಜಿತ ಯಾವುದು, ಸ್ವಯಾರ್ಜಿತ ಯಾವುದೆಂದು ಬೇರ್ಪಡಿಸಬೇಕು. ಸ್ವಯಾರ್ಜಿತವೆಲ್ಲ ಅವನ ಇಚ್ಛೆಗೆ ಸೇರಿದ್ದು; ಪಿತ್ರಾರ್ಜಿತದಲ್ಲಿ ಅವನ ಪಾಲಷ್ಟೇ. ಇಬ್ಬರು ಸಾಕ್ಷಿಗಳ ರುಜು ಬೇಕೇಬೇಕು. ನೋಂದಣಿ ಕಡ್ಡಾಯವಲ್ಲವಾದರೂ ಲೇಸು. ಬರೆಯದೆ ಹೋದರೆ ಕಾನೂನೇ ಹಂಚುತ್ತದೆ. ಆದರೆ ಕಾನೂನಿಗೆ ಪಾಲಿನ ಲೆಕ್ಕ ಗೊತ್ತು, ಮನೆಯವರ ಮನಸ್ಸು ಗೊತ್ತಿಲ್ಲ.