ಸೈನಿಕ ಜೀವನದಲ್ಲಿ ಮನೋವಿಜ್ಞಾನ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಅಭ್ಯರ್ಥಿಗಳು, ಸೈನಿಕರು ಹಾಗೂ ಮಾಜಿ ಸೈನಿಕರ ಕುಟುಂಬದವರಿಗೆ ಮಾಹಿತಿ

1. ಈ ಪುಟದ ಉದ್ದೇಶ

ಮಾಜಿ ಸೈನಿಕರು ವಿವಿಧ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವಾಗ ದೇಹಕ್ಕಾದ ಗಾಯಗಳ ದಾಖಲೆಗಳನ್ನು ಜೋಪಾನವಾಗಿ ಲಗತ್ತಿಸುತ್ತಾರೆ. ಮನಸ್ಸಿಗಾದ ಗಾಯದ ವಿಷಯದಲ್ಲಿ ಅನೇಕ ವೇಳೆ ದಾಖಲೆಯೇ ಇರುವುದಿಲ್ಲ. ಸೈನಿಕನು ಅದನ್ನು ದೌರ್ಬಲ್ಯವೆಂದು ಭಾವಿಸಿ ಮುಚ್ಚಿಟ್ಟಿರುತ್ತಾನೆ. ಮನೆಯವರು ಊರಿನ ಮಾತಿಗೆ ಅಂಜಿ ಸುಮ್ಮನಿರುತ್ತಾರೆ. ಇದರಿಂದ ಚಿಕಿತ್ಸೆಯೂ ತಡವಾಗುತ್ತದೆ, ನ್ಯಾಯವಾಗಿ ಸಿಗಬೇಕಾದ ಸೌಲಭ್ಯವೂ ಕೈತಪ್ಪುವ ಸಂಭವವಿರುತ್ತದೆ. ಸೇವೆಗೆ ಸೇರುವಾಗ, ಸೇವೆಯಲ್ಲಿರುವಾಗ ಮತ್ತು ಸೇವೆಯಿಂದ ಮರಳಿದ ನಂತರ, ಈ ಮೂರೂ ಹಂತಗಳಲ್ಲಿ ಮನೋವಿಜ್ಞಾನದ ಪಾತ್ರವೇನು ಹಾಗೂ ಪ್ರತಿ ಹಂತದಲ್ಲಿ ಸಾರ್ವಜನಿಕರು ಗಮನಿಸಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಪ್ರದೇಶದ ಹಿನ್ನೆಲೆ

ರಾಯಚೂರು ಜಿಲ್ಲೆಯ ಈ ಭಾಗಕ್ಕೆ ಯುದ್ಧದ ನೆನಪು ಹೊಸದಲ್ಲ. ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ಈ ಸೀಮೆಗಾಗಿ ಬಹಮನಿ, ವಿಜಯನಗರ ಮತ್ತು ಬಿಜಾಪುರದ ಅರಸರು ತಲೆಮಾರುಗಳ ಕಾಲ ಹೋರಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆ ಅದಕ್ಕೆ ಸಾಕ್ಷಿಯಾಗಿದೆ. ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಪಟ್ಟಣವು ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡಿನ ನೆಲೆಯಾಗಿತ್ತು.

1520ರ ರಾಯಚೂರು ಕದನದ ವಿವರವನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ. ಬಿಜಾಪುರದ ಫಿರಂಗಿಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿಯ ಪಡೆ ಚದುರಿದಾಗ, ಕೃಷ್ಣದೇವರಾಯನು ತನ್ನ ಉಂಗುರವನ್ನು ತೆಗೆದು, ತಾನು ಮಡಿದರೆ ರಾಣಿಯರಿಗೆ ಗುರುತಾಗಿ ತೋರಿಸುವಂತೆ ಸೇವಕನಿಗೆ ಕೊಟ್ಟು, ಕುದುರೆಯೇರಿ ಮುಂದೆ ನಡೆದನೆಂದು ಅದರಲ್ಲಿ ಹೇಳಿದೆ. ಚದುರಿದ ಸೈನ್ಯ ಮತ್ತೆ ಒಗ್ಗೂಡಿ ಕದನವನ್ನು ಗೆದ್ದಿತು. ನಾಯಕನ ನಡತೆಯನ್ನು ಕಂಡು ಸೈನಿಕರ ಮನೋಬಲ ಮರಳುವುದಕ್ಕೆ ಇದು ನಮ್ಮ ಜಿಲ್ಲೆಯದೇ ಉದಾಹರಣೆಯಾಗಿದೆ.

ಯುದ್ಧವು ಗೆದ್ದವನ ಮನಸ್ಸನ್ನೂ ಬಿಡುವುದಿಲ್ಲ ಎಂಬುದಕ್ಕೆ ಸಾಮ್ರಾಟ ಅಶೋಕನೇ ನಿದರ್ಶನ. 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ದೊರೆತುದರಿಂದ, ಇತರ ಶಾಸನಗಳ 'ದೇವಾನಾಂಪ್ರಿಯ'ನು ಅವನೇ ಎಂಬುದು ಖಚಿತವಾಯಿತು. ಮಸ್ಕಿಯ ಶಾಸನದಲ್ಲಿ ಯುದ್ಧದ ಪ್ರಸ್ತಾಪವಿಲ್ಲ. ಆದರೆ ಅದೇ ಅರಸನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ, ಕಳಿಂಗದಲ್ಲಿ ಒಂದು ಲಕ್ಷ ಜನರು ಹತರಾದುದನ್ನು ಹೇಳಿ, ತನಗಾದ ಪಶ್ಚಾತ್ತಾಪವನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ.

3. ಮೊದಲ ಹಂತ: ಆಯ್ಕೆ

3.1 ಅಧಿಕಾರಿ ಹುದ್ದೆಗಳು: ಭಾರತದಲ್ಲಿ ಸೇನಾಧಿಕಾರಿಗಳ ಆಯ್ಕೆಗೆ ಮನೋವೈಜ್ಞಾನಿಕ ಪರೀಕ್ಷೆಗಳ ಬಳಕೆಯು 1943ರಲ್ಲಿ ಡೆಹರಾಡೂನಿನಲ್ಲಿ ಸ್ಥಾಪಿಸಲಾದ ಪ್ರಾಯೋಗಿಕ ಆಯ್ಕೆ ಮಂಡಳಿಯಿಂದ ಆರಂಭವಾಯಿತು. 1949ರಲ್ಲಿ ಇದಕ್ಕಾಗಿ ಪ್ರತ್ಯೇಕ ಸಂಶೋಧನಾ ವಿಭಾಗವನ್ನು ರಚಿಸಲಾಯಿತು. ಅದೇ ಮುಂದೆ ದೆಹಲಿಯ ರಕ್ಷಣಾ ಮನೋವೈಜ್ಞಾನಿಕ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು.

ಬೆಂಗಳೂರಿನ ಆಯ್ಕೆ ಕೇಂದ್ರವೂ ಸೇರಿದಂತೆ ಸೇವಾ ಆಯ್ಕೆ ಮಂಡಳಿಗಳಲ್ಲಿ ಅಭ್ಯರ್ಥಿಗಳನ್ನು ಸುಮಾರು ಐದು ದಿನಗಳ ಕಾಲ ಪರಿಶೀಲಿಸಲಾಗುತ್ತದೆ. ಚಿತ್ರವನ್ನು ನೋಡಿ ಕಥೆ ಬರೆಯುವುದು, ಒಂದೊಂದು ಪದಕ್ಕೆ 15 ಸೆಕೆಂಡುಗಳಂತೆ 60 ಪದಗಳಿಗೆ ವಾಕ್ಯ ರಚಿಸುವುದು, 30 ನಿಮಿಷಗಳಲ್ಲಿ 60 ಸನ್ನಿವೇಶಗಳಿಗೆ ಪ್ರತಿಕ್ರಿಯೆ ಬರೆಯುವುದು ಹಾಗೂ ತನ್ನ ಬಗ್ಗೆ ತಾನೇ ಬರೆಯುವುದು ಇವುಗಳಲ್ಲಿ ಮುಖ್ಯವಾದವು. ಜೊತೆಗೆ ಗುಂಪು ಚಟುವಟಿಕೆ ಮತ್ತು ಸಂದರ್ಶನ ಇರುತ್ತವೆ. ಇಲ್ಲಿ ಆಯ್ಕೆಯಾಗದಿರುವುದು ಮಾನಸಿಕ ನ್ಯೂನತೆಯ ಗುರುತಲ್ಲ. ನಿರ್ದಿಷ್ಟ ಹೊಣೆಗೆ ಹೊಂದಿಕೆಯಾಗುವ ಗುಣಗಳನ್ನು ಮಾತ್ರ ಅಲ್ಲಿ ಅಳೆಯಲಾಗುತ್ತದೆ. ಬಾಯಿಪಾಠ ಮಾಡಿದ ಉತ್ತರಗಳು ಪ್ರಯೋಜನಕ್ಕೆ ಬಾರವು.

3.2 ಅಗ್ನಿವೀರ ಹಾಗೂ ಇತರ ದರ್ಜೆಗಳು: ರಾಯಚೂರು ಜಿಲ್ಲೆಯ ಅಭ್ಯರ್ಥಿಗಳು ಬೆಳಗಾವಿಯ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ವೈದ್ಯಕೀಯ ಪರೀಕ್ಷೆಯ ಸಂದರ್ಭದಲ್ಲಿ ಹಿಂದಿನ ಕಾಯಿಲೆಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಸತ್ಯವಾದ ಉತ್ತರವನ್ನೇ ನೀಡತಕ್ಕದ್ದು. ಸೇರ್ಪಡೆಯ ದಿನದ ಈ ದಾಖಲೆಯು ಮುಂದೆ ಅಂಗವೈಕಲ್ಯ ಪಿಂಚಣಿಯ ಪ್ರಶ್ನೆ ಬಂದಾಗ ಮೊದಲ ಆಧಾರವಾಗುತ್ತದೆ (ಕಂಡಿಕೆ 6 ನೋಡಿ).

4. ಎರಡನೆಯ ಹಂತ: ಸೇವೆ ಮತ್ತು ಕದನ

4.1 ಭಯದ ಸ್ವರೂಪ: ಪ್ರಾಣಾಪಾಯ ಎದುರಾದಾಗ ಎದೆಬಡಿತ ಏರುವುದು, ದೃಷ್ಟಿ ಒಂದೇ ಕಡೆ ಕೇಂದ್ರೀಕೃತವಾಗುವುದು, ಹತ್ತಿರದ ಶಬ್ದವೂ ಕೇಳಿಸದಂತಾಗುವುದು, ಕಾಲ ನಿಧಾನವಾದಂತೆ ಅನ್ನಿಸುವುದು, ಕೈ ನಡುಗುವುದು, ಇವೆಲ್ಲವೂ ದೇಹದ ಸಹಜ ಪ್ರತಿಕ್ರಿಯೆಗಳು. ಒಂದೇ ಕವಾಯತನ್ನು ನೂರಾರು ಬಾರಿ ಮಾಡಿಸುವುದರ ಉದ್ದೇಶವೂ ಇದೇ ಆಗಿದೆ: ಯೋಚಿಸಲು ಆಗದ ಗಳಿಗೆಯಲ್ಲಿ ಅಭ್ಯಾಸವು ಕೈ ಹಿಡಿಯುತ್ತದೆ. ಕದನದಲ್ಲಿ ಸೈನಿಕನನ್ನು ನಿಲ್ಲಿಸುವುದು ಹೆಚ್ಚಾಗಿ ಪಕ್ಕದಲ್ಲಿರುವ ಸಂಗಾತಿಯ ಮೇಲಿನ ನಂಬಿಕೆ. ಆದುದರಿಂದಲೇ ಸೇನೆಯಲ್ಲಿ ಇಬ್ಬರ ಜೋಡಿ, ತುಕಡಿ ಮತ್ತು ರೆಜಿಮೆಂಟಿನ ಬಾಂಧವ್ಯಕ್ಕೆ ಅಷ್ಟು ಮಹತ್ವವಿದೆ.

4.2 ಕಾಯಿಲೆಯೆಂದು ಗುರುತಿಸಿದ ಬಗೆ: ಮೊದಲನೆಯ ಮಹಾಯುದ್ಧದಲ್ಲಿ ದೇಹಕ್ಕೆ ಗಾಯವಿಲ್ಲದಿದ್ದರೂ ಮಾತು, ನಡಿಗೆ, ನಿದ್ರೆ ಕಳೆದುಕೊಂಡ ಸೈನಿಕರನ್ನು ಕುರಿತು 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 'ಶೆಲ್ ಶಾಕ್' ಎಂಬ ಹೆಸರಿನಡಿ ಬರೆದರು. ಇಂತಹವರನ್ನು ಹೇಡಿಗಳೆಂದು ಶಿಕ್ಷಿಸಿದ ನಿದರ್ಶನಗಳೂ ಆ ಕಾಲದಲ್ಲಿವೆ. ಅದೇ ಯುದ್ಧದಲ್ಲಿ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಡಬ್ಲ್ಯೂ.ಎಚ್.ಆರ್. ರಿವರ್ಸ್ ಅವರು, ನಡೆದುದನ್ನು ಅದುಮಿಡದೆ ಹೇಳಿಕೊಳ್ಳುವಂತೆ ಮಾಡುವ ಚಿಕಿತ್ಸೆಯನ್ನು ನೀಡಿದರು. ಇವರು ಅದಕ್ಕೂ ಮೊದಲು 1901-02ರಲ್ಲಿ ನೀಲಗಿರಿಯ ತೋಡರ ಬಗ್ಗೆ ಅಧ್ಯಯನ ಮಾಡಿದವರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಆಘಾತೋತ್ತರ ಒತ್ತಡದ ಅಸ್ವಸ್ಥತೆಯನ್ನು (ಪಿ.ಟಿ.ಎಸ್.ಡಿ.) ತನ್ನ ರೋಗಪಟ್ಟಿಗೆ ಸೇರಿಸಿತು.

ಭಾರತೀಯ ಸೇನೆಯಲ್ಲಿ ಸಿಬ್ಬಂದಿಯ ಆರೋಗ್ಯವನ್ನು 'ಶೇಪ್' ಎಂಬ ಐದು ಅಂಶಗಳ ಶ್ರೇಣಿಯಲ್ಲಿ ನಮೂದಿಸಲಾಗುತ್ತದೆ. ಅದರ ಮೊದಲ ಅಂಶವೇ ಮನಸ್ಸಿನ ಸ್ಥಿತಿ. ಶ್ರವಣ, ಕೈಕಾಲು, ದೇಹಶಕ್ತಿ ಮತ್ತು ದೃಷ್ಟಿ ನಂತರ ಬರುತ್ತವೆ.

4.3 ಮನೆಯ ಚಿಂತೆ: ಗಡಿಯಲ್ಲಿರುವ ಸೈನಿಕನ ಒತ್ತಡಕ್ಕೆ ಶತ್ರುವೊಂದೇ ಕಾರಣವಲ್ಲ. ಹೊಲದ ಬದುವಿನ ತಂಟೆ, ಆಸ್ತಿ ಪಾಲು, ಕಾಲುವೆ ನೀರಿನ ಸರದಿ, ತಂದೆತಾಯಿಗಳ ಅನಾರೋಗ್ಯ, ಇವು ಫೋನಿನ ಮೂಲಕ ದಿನವೂ ಅವನನ್ನು ತಲುಪುತ್ತವೆ. ರಜೆ ಸಿಗದ ಸ್ಥಳದಲ್ಲಿ ಅವು ಇಮ್ಮಡಿಯಾಗುತ್ತವೆ. ಈ ಬಗ್ಗೆ ಕುಟುಂಬದವರು ತಿಳಿದಿರಬೇಕಾದ ಕಾನೂನು ಒಂದಿದೆ. ಭಾರತೀಯ ಸೈನಿಕರ (ವ್ಯಾಜ್ಯ) ಅಧಿನಿಯಮ, 1925ರ ಪ್ರಕಾರ, ವಿಶೇಷ ಅಥವಾ ಯುದ್ಧ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಪರವಾಗಿ ಯಾರೂ ಹಾಜರಿಲ್ಲದಿದ್ದಲ್ಲಿ ನ್ಯಾಯಾಲಯವು ದಾವೆಯ ನಡವಳಿಯನ್ನು ತಡೆಹಿಡಿಯುವುದಕ್ಕೆ ಅವಕಾಶವಿದೆ. ಜಮೀನಿನ ತಕರಾರಿದ್ದಲ್ಲಿ ಸೈನಿಕನು ತನ್ನ ಘಟಕದ ಕಮಾಂಡಿಂಗ್ ಅಧಿಕಾರಿಯ ಪತ್ರದ ಮೂಲಕ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು.

5. ಮೂರನೆಯ ಹಂತ: ಊರಿಗೆ ಮರಳಿದ ನಂತರ

5.1 ಗಮನಿಸಬೇಕಾದ ಲಕ್ಷಣಗಳು: ಈ ಕೆಳಗಿನವು ಒಂದು ತಿಂಗಳಿಗೂ ಹೆಚ್ಚು ಕಾಲ ಮುಂದುವರಿದು, ದುಡಿಮೆಗೂ ಸಂಸಾರಕ್ಕೂ ಅಡ್ಡಿಯಾದಲ್ಲಿ ವೈದ್ಯರನ್ನು ಕಾಣುವುದು ಅವಶ್ಯ.

(ಅ) ನಡೆದ ಘಟನೆ ಕನಸಿನಲ್ಲಿ ಅಥವಾ ಎಚ್ಚರದಲ್ಲಿ ಮತ್ತೆ ಮತ್ತೆ ಕಣ್ಣಮುಂದೆ ಬರುವುದು.
(ಆ) ಅದನ್ನು ನೆನಪಿಸುವ ಜನ, ಸ್ಥಳ ಮತ್ತು ಮಾತುಗಳಿಂದ ದೂರ ಸರಿಯುವುದು.
(ಇ) ದೀಪಾವಳಿಯ ಪಟಾಕಿ, ಕಲ್ಲುಗಣಿಯ ಸಿಡಿತದಂತಹ ಶಬ್ದಗಳಿಗೆ ಬೆಚ್ಚಿಬೀಳುವುದು, ಸದಾ ಕಾವಲಿನಲ್ಲಿರುವಂತೆ ವರ್ತಿಸುವುದು, ನಿದ್ರೆ ಬಾರದಿರುವುದು.
(ಈ) ಮನೆಯವರಲ್ಲಿಯೂ ಪ್ರೀತಿ ಉಳಿದಿಲ್ಲವೆನ್ನಿಸುವುದು, ಬದುಕಿ ಬಂದುದಕ್ಕೆ ಅಪರಾಧ ಭಾವನೆ, ಅತಿಯಾದ ಸಿಟ್ಟು.
(ಉ) ನಿದ್ರೆಗಾಗಿ ಮದ್ಯವನ್ನು ಅವಲಂಬಿಸುವುದು. ಮದ್ಯವು ನಿದ್ರೆಯನ್ನು ಕೆಡಿಸುವುದಲ್ಲದೆ ಕಾಯಿಲೆಯನ್ನು ಮರೆಮಾಚುತ್ತದೆ.

ಮಾತಿನ ಮೂಲಕ ನೀಡುವ ಕ್ರಮಬದ್ಧ ಚಿಕಿತ್ಸೆಯಿಂದ ಹಾಗೂ ಅಗತ್ಯವಿದ್ದಲ್ಲಿ ಔಷಧಿಗಳಿಂದ ಈ ಅಸ್ವಸ್ಥತೆಯು ಬಹಳಷ್ಟು ಮಟ್ಟಿಗೆ ಹತೋಟಿಗೆ ಬರುತ್ತದೆ.

5.2 ನೆರವು ದೊರೆಯುವ ಸ್ಥಳಗಳು

(ಅ) ಟೆಲಿ ಮಾನಸ್: ಉಚಿತ ದೂರವಾಣಿ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರ ರಾಷ್ಟ್ರೀಯ ಮಾರ್ಗದರ್ಶಕ ಕೇಂದ್ರವು ಬೆಂಗಳೂರಿನ ನಿಮ್ಹಾನ್ಸ್. ಸಶಸ್ತ್ರ ಪಡೆಗಳಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ವಿಶೇಷ ಘಟಕವನ್ನು ತೆರೆಯಲಾಗಿದೆ.
(ಆ) ತಾಲ್ಲೂಕು ಆಸ್ಪತ್ರೆಗಳು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1996ರಲ್ಲಿ ದೇಶದಲ್ಲಿ ಜಾರಿಗೆ ಬಂದುದು, ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆ. ತಜ್ಞರು ತಾಲ್ಲೂಕಿಗೆ ಭೇಟಿ ನೀಡುವ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಹೆಚ್ಚಿನ ಚಿಕಿತ್ಸೆಗೆ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯನ್ನು (ರಿಮ್ಸ್) ಸಂಪರ್ಕಿಸಬಹುದು.
(ಇ) ಮಾಜಿ ಸೈನಿಕರ ಆರೋಗ್ಯ ಯೋಜನೆ (ಇ.ಸಿ.ಎಚ್.ಎಸ್.): 2003ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪಿಂಚಣಿದಾರರು ಮತ್ತು ಅವಲಂಬಿತರು ಮನೋವೈದ್ಯಕೀಯ ಚಿಕಿತ್ಸೆಗೂ ಇದನ್ನು ಬಳಸಬಹುದು. 2022ರಲ್ಲಿ ಪ್ರಕಟವಾದ ಅಗ್ನಿಪಥ ನಿಯಮಗಳ ಪ್ರಕಾರ, ನಾಲ್ಕು ವರ್ಷಗಳ ನಂತರ ಹೊರಬರುವ ಅಗ್ನಿವೀರರಿಗೆ ಇದು ಅನ್ವಯಿಸುವುದಿಲ್ಲ. ಅವರಿಗೆ ಮೇಲಿನ (ಅ) ಮತ್ತು (ಆ) ಸೇವೆಗಳು ಮುಕ್ತವಾಗಿವೆ.

6. ಅಂಗವೈಕಲ್ಯ ಪಿಂಚಣಿ

ಸೇವೆಯ ಕಾರಣದಿಂದ ಉಂಟಾದ ಅಥವಾ ಉಲ್ಬಣಿಸಿದ ಮಾನಸಿಕ ಕಾಯಿಲೆಗೂ ಅಂಗವೈಕಲ್ಯ ಪಿಂಚಣಿ ಕೋರಬಹುದು. ಸೇವೆಗೆ ಸೇರುವಾಗ ಕಾಯಿಲೆಯ ನಮೂದು ಇರದಿದ್ದಲ್ಲಿ ಅದು ಸೇವೆಯಿಂದಲೇ ಬಂದುದೆಂದು ಭಾವಿಸಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ 2019ರ ಮತ್ತೊಂದು ತೀರ್ಪಿನಲ್ಲಿ, ಪ್ರತಿಯೊಂದು ಮಾನಸಿಕ ಕಾಯಿಲೆಗೂ ಈ ಭಾವನೆಯು ತಾನಾಗಿಯೇ ಅನ್ವಯಿಸದು, ವೈದ್ಯಕೀಯ ಮಂಡಳಿಯ ಅಭಿಪ್ರಾಯವನ್ನು ಪರಿಗಣಿಸಬೇಕು ಎಂದು ಅದೇ ನ್ಯಾಯಾಲಯ ಹೇಳಿತು. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಹೀಗಾಗಿ ಸೇವಾವಧಿಯಲ್ಲಿಯೇ ವೈದ್ಯರಿಗೆ ಹೇಳಿ ದಾಖಲಿಸಿದ ಮಾತಿಗೆ ಇರುವ ಬೆಲೆ, ಹತ್ತು ವರ್ಷಗಳ ನಂತರ ಹೇಳಿದ ಮಾತಿಗೆ ಇರುವುದಿಲ್ಲ. ಕೋರಿಕೆ ಹಾಗೂ ಮೇಲ್ಮನವಿ ತಿರಸ್ಕೃತವಾದಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದು.

7. ಇಟ್ಟುಕೊಳ್ಳಬೇಕಾದ ದಾಖಲೆಗಳು

(1) ಡಿಸ್ಚಾರ್ಜ್ ಪುಸ್ತಕ ಮತ್ತು ಪಿಂಚಣಿ ಆದೇಶದ ಪ್ರತಿ
(2) ಬಿಡುಗಡೆ ಕಾಲದ ವೈದ್ಯಕೀಯ ಮಂಡಳಿಯ ವರದಿ
(3) ಸೇನಾ ಆಸ್ಪತ್ರೆ ಹಾಗೂ ನಂತರದ ಚಿಕಿತ್ಸೆಯ ಎಲ್ಲ ಚೀಟಿಗಳು
(4) ವಾಸಸ್ಥಳ ದೃಢೀಕರಣ ಪತ್ರ

ವಿಶೇಷ ಸೂಚನೆ: ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಹಳೆಯ ಸೇವಾ ದಾಖಲೆಗಳಲ್ಲಿ ಹಿಂದಿನ ತಾಲ್ಲೂಕಿನ ಹೆಸರೇ ಇದ್ದಲ್ಲಿ, ಅರ್ಜಿಯೊಂದಿಗೆ ಪ್ರಸ್ತುತ ವಾಸಸ್ಥಳ ದೃಢೀಕರಣ ಪತ್ರವನ್ನು ಲಗತ್ತಿಸುವುದು ಸೂಕ್ತ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೋವೈದ್ಯರ ಬಳಿ ಹೋದರೆ ಪಿಂಚಣಿ ನಿಲ್ಲುವುದೇ?
ಉತ್ತರ: ಇಲ್ಲ. ಚಿಕಿತ್ಸೆ ಪಡೆದ ಕಾರಣಕ್ಕೆ ಪಿಂಚಣಿಯನ್ನು ನಿಲ್ಲಿಸಲಾಗುವುದಿಲ್ಲ.

ಪ್ರಶ್ನೆ: ವಿಷಯವು ಊರಿನಲ್ಲಿ ತಿಳಿಯುವುದೇ?
ಉತ್ತರ: ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರ ಪ್ರಕಾರ ರೋಗಿಯ ಮಾಹಿತಿಯನ್ನು ಗೌಪ್ಯವಾಗಿಡುವುದು ವೈದ್ಯರ ಕರ್ತವ್ಯವಾಗಿದೆ. ಕಾನೂನಿನಲ್ಲಿ ಹೇಳಿದ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು.

ಪ್ರಶ್ನೆ: ಅವರು ಸಾಯುವ ಮಾತನಾಡುತ್ತಾರೆ. ಮನೆಯವರು ಏನು ಮಾಡಬೇಕು?
ಉತ್ತರ: ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರನ್ನು ಒಂಟಿಯಾಗಿ ಬಿಡದೆ, ಪರವಾನಗಿ ಬಂದೂಕು, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇರಿಸಿ, 14416ಕ್ಕೆ ಕರೆ ಮಾಡಿ ಅಥವಾ ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತು ಇದ್ದಲ್ಲಿ 108ಕ್ಕೆ ಕರೆ ಮಾಡಿರಿ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ 2017ರ ಅಧಿನಿಯಮವು ಭಾವಿಸುತ್ತದೆ. ಆದುದರಿಂದ ಮೊಕದ್ದಮೆಯ ಅಂಜಿಕೆಯಿಂದ ಚಿಕಿತ್ಸೆಯನ್ನು ತಡಮಾಡಬಾರದು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ಅಧಿನಿಯಮ, ನಿಯಮ ಹಾಗೂ ಆದೇಶಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಅರ್ಜಿ ಸಲ್ಲಿಸುವ ಮುನ್ನ ತಮ್ಮ ವ್ಯಾಪ್ತಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಲು ಕೋರಲಾಗಿದೆ. ಸೈನಿಕನು ಸ್ವತಃ ಬರಲು ಹಿಂಜರಿದಲ್ಲಿ ಪತ್ನಿ, ತಂದೆತಾಯಿ ಅಥವಾ ಮಕ್ಕಳು ಬಂದು ಮಾಹಿತಿ ಕೇಳಬಹುದು.