ಏರಿದ ಹುಡುಗ, ಇಳಿದ ಹುಡುಗ

ಇಂಗ್ಲಿಷಿನಲ್ಲಿ ಕೆ, ಎನ್ ಎಂಬೆರಡು ಅಕ್ಷರಗಳನ್ನು ಮುಂದಿಟ್ಟುಕೊಂಡು ಹೊರಡುವ ಪದಗಳದ್ದೊಂದು ಬಳಗವಿದೆ: ಅರಿಯುವುದಕ್ಕೆ ನೋ, ಮೊಣಕಾಲಿಗೆ ನೀ, ಗಂಟಿಗೆ ನಾಟ್, ಚಾಕುವಿಗೆ ನೈಫ್, ಹಿಟ್ಟು ನಾದುವುದಕ್ಕೆ ನೀಡ್, ಬೆರಳ ಗೆಣ್ಣಿಗೆ ನಕಲ್. ಬರೆಯುವಾಗ ಇರುವ ಕೆ ಓದುವಾಗ ಕೇಳಿಸದು. ಇದು 'ಸೈಲೆಂಟ್' ಅಕ್ಷರವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಮುಂದೆ ಸಾಗಿದವರೇ ನಾವೆಲ್ಲ. ಆದರೆ ಬೇರುಗಳ ಬೆನ್ನು ಹತ್ತಿದವರಿಗೆ ಈ ಮೂಕ ಕಕಾರದಷ್ಟು ಮಾತಾಡುವ ಅಕ್ಷರ ಇನ್ನೊಂದು ಸಿಗಲಿಕ್ಕಿಲ್ಲ. ಹಿಂದೆ ಅದು ಬಾಯಿತುಂಬ ಉಚ್ಚಾರವಾಗುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನವರ ನಾಲಗೆಯಿಂದ ಜಾರತೊಡಗಿತು. ಅಷ್ಟರಲ್ಲಿ ಅಚ್ಚಿನಮನೆಗಳು ಕಾಗುಣಿತವನ್ನು ನೆಲೆಗೊಳಿಸುತ್ತ ಬಂದಿದ್ದವಾಗಿ ಬರಹದಲ್ಲಿ ಮಾತ್ರ ನಿಂತುಕೊಂಡಿತು. ಜರ್ಮನ್ನರು ಮೊಣಕಾಲನ್ನು ಇಂದಿಗೂ ಕ್ನೀ ಎಂದೇ ಕರೆಯುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಆ ಕಕಾರವು ಮೂಲ ಭಾಷೆಯ ಗಕಾರದ ಮಾರ್ಪಾಡು. ಜರ್ಮಾನಿಕ್ ಭಾಷೆಗಳಲ್ಲಿ ಗ ಎಂಬುದು ಕ ಆದದ್ದು ಒಂದು ಪ್ರಸಿದ್ಧ ನಿಯಮ. ಲ್ಯಾಟಿನ್ನಿನ ಗೆನು, ಗ್ರೀಕಿನ ಗೊನು, ಸಂಸ್ಕೃತದ ಜಾನು, ಇಂಗ್ಲಿಷಿನ ನೀ ಇವೆಲ್ಲ ಒಂದೇ ಮೊಣಕಾಲು. ನಮ್ಮ ಆಜಾನುಬಾಹುವಿನ ತೋಳು ಮುಟ್ಟುವುದೂ ಅದನ್ನೇ. ಹಾಗೆಯೇ ನೋ ಎಂಬ ಕ್ರಿಯಾಪದ ಸಂಸ್ಕೃತದ ಜ್ಞಾ ಧಾತುವಿನ ಒಡಹುಟ್ಟು. ಈ ಎರಡು ನಂಟುಗಳು ನಮ್ಮಲ್ಲಿ ಬಹಳ ಮಂದಿಗೆ ಪರಿಚಿತವೇ. ಅಷ್ಟು ಪರಿಚಿತವಲ್ಲದ, ಆದರೆ ಅಷ್ಟೇ ರುಚಿಕರವಾದ ಜೋಡಿಯೊಂದು ಈ ಬಳಗದಲ್ಲಿದೆ: ವೀರಯೋಧನೆಂಬ ಅರ್ಥದ ನೈಟ್, ಠಕ್ಕನೆಂಬ ಅರ್ಥದ ನೇವ್.

ಹಳೆಯ ಇಂಗ್ಲಿಷಿನಲ್ಲಿ ಇವೆರಡರ ಅರ್ಥವೂ ಹುಡುಗ. ಮೊದಲನೆಯದು ಕ್ನಿಹ್ತ್, ಎರಡನೆಯದು ಕ್ನಾಫ. ಕ್ನಿಹ್ತ್ ಎಂದರೆ ಪೋರ, ತರುಣ, ಅಲ್ಲಿಂದ ಒಬ್ಬರ ಕೈಕೆಳಗೆ ಕೆಲಸ ಮಾಡುವ ಆಳು. ಸುವಾರ್ತೆಗಳನ್ನು ಹಳೆಯ ಇಂಗ್ಲಿಷಿಗೆ ತಂದವರು ಯೇಸುವಿನ ಶಿಷ್ಯರಿಗೆ ಬಳಸಿದ ಪದ ಲಿಯೋರ್ನಿಂಗ್‌ಕ್ನಿಹ್ತ್, ಅಂದರೆ ಕಲಿಯುವ ಹುಡುಗ. ಇದರ ಸೋದರನಾದ ಜರ್ಮನ್ ಕ್ನೆಖ್ತ್ ಇಂದಿಗೂ ಹೊಲಮನೆಯ ಆಳು. ಯುದ್ಧರಂಗಕ್ಕೆ ಹೋದಾಗಲೂ ಅದು ಲಾಂಡ್ಸ್‌ಕ್ನೆಖ್ತ್ ಎಂಬ ಕೂಲಿಯ ಕಾಲಾಳಾಯಿತೇ ಹೊರತು ಕುದುರೆಯೇರಲಿಲ್ಲ. ಯುರೋಪಿನ ಉಳಿದ ಭಾಷೆಗಳು ವೀರಯೋಧನ ಹೆಸರನ್ನು ಕುದುರೆಗೋ ಸವಾರಿಗೋ ಕಟ್ಟಿದವು. ಫ್ರೆಂಚರ ಶೆವಾಲಿಯೆ, ಸ್ಪ್ಯಾನಿಷರ ಕಬಾಯೆರೊ, ಜರ್ಮನ್ನರ ರಿಟರ್ ಎಲ್ಲ ಹಾಗೆ ಬಂದವು. ನಾರ್ಮನ್ ದೊರೆ ವಿಲಿಯಂ ತನ್ನ ಮಗ ಹೆನ್ರಿಗೆ ಯೋಧದೀಕ್ಷೆ ಕೊಟ್ಟದ್ದನ್ನು ದಾಖಲಿಸುವಾಗ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಕೂಡ ಸವಾರ ಎಂಬರ್ಥದ ಪದವನ್ನೇ ಬಳಸಿತು. ಆದರೂ ಇಂಗ್ಲಿಷಿನಲ್ಲಿ ಕೊನೆಗೆ ಗೆದ್ದದ್ದು ಆಳುಹುಡುಗ. 1066ರ ಬಳಿಕ ದೊರೆಯ, ಸಾಮಂತನ ಬೆನ್ನಿಗೆ ಆಯುಧ ಹಿಡಿದು ನಿಲ್ಲುವ ಪರಿಜನಕ್ಕೆ ಈ ಪದ ಅಂಟಿತು. ಆಯುಧದ ಜೊತೆ ಭೂಮಿ, ಭೂಮಿಯ ಜೊತೆ ಕುಲಗೌರವ, ಗೌರವದ ಜೊತೆ ಧರ್ಮಯೋಧನ ಆದರ್ಶ ಬಂದು, ಹದಿನಾಲ್ಕನೆಯ ಶತಮಾನದ ಕೊನೆಗೆ ಚಾಸರ್ ಕವಿ ತನ್ನ ಯಾತ್ರಿಕರನ್ನು ಒಬ್ಬೊಬ್ಬರಾಗಿ ಪರಿಚಯಿಸುವಾಗ ಮೊದಲ ಮಣೆ ಹಾಕಿದ್ದು ನೈಟ್‌ಗೇ. ಮುಂದೆ ಯುದ್ಧವೂ ಕುದುರೆಯೂ ಕಳಚಿಹೋಗಿ ಬರಿಯ ಬಿರುದು ಉಳಿಯಿತು. ರವೀಂದ್ರನಾಥ ಟ್ಯಾಗೋರರು 1915ರಲ್ಲಿ ಪಡೆದು, ಜಲಿಯನ್‌ವಾಲಾಬಾಗಿನ ಹತ್ಯಾಕಾಂಡದ ಬಳಿಕ 1919ರಲ್ಲಿ ತ್ಯಜಿಸಿದ್ದು ಇದನ್ನೇ. ನಾವು ಸರ್ ಎಂ.ವಿ. ಎನ್ನುವಾಗಿನ ಸರ್ ಕೂಡ ಈ ನೈಟ್ ಪದವಿಯ ಬಾಲವೇ.

ಇತ್ತ ಕ್ನಾಫನ ಗತಿ ಬೇರೆ. ಇವನ ಜರ್ಮನ್ ಸೋದರ ಕ್ನಾಬೆ ಹುಡುಗನಾಗಿಯೇ ಉಳಿದ. ಇಂಗ್ಲಿಷಿನಲ್ಲಿಯೂ ಚಾಸರನ ಕಾಲದವರೆಗೆ ಗಂಡುಮಗುವನ್ನು 'ನೇವ್ ಚೈಲ್ಡ್' ಅನ್ನುತ್ತಿದ್ದರು, ಅದರಲ್ಲಿ ಬೈಗುಳದ ಸೋಂಕೇ ಇರಲಿಲ್ಲ. ಆದರೆ ಇವನು ಊಳಿಗಕ್ಕೆ ಸೇರಿದ್ದು ಅಡುಗೆಮನೆಗೆ, ಲಾಯಕ್ಕೆ. ಕೀಳುಕೆಲಸದವನು ಕೀಳುಮನಸ್ಸಿನವನೂ ಆಗಿರಬೇಕೆಂಬ ಒಡೆಯರ ಭಾವನೆ ಪದಕ್ಕೆ ಮೆತ್ತಿಕೊಂಡು, ಆಳು ಎಂಬುದು ನಂಬಿಕೆಗೆಟ್ಟವ, ವಂಚಕ, ಠಕ್ಕ ಎಂದಾಯಿತು. ಹಳೆಯ ಅರ್ಥಕ್ಕೆ ಉಳಿದ ಆಸರೆ ಇಸ್ಪೀಟಿನ ಕಟ್ಟು ಮಾತ್ರ. ರಾಜ, ರಾಣಿಯರ ಕೆಳಗಿನ ಎಲೆಗೆ ನೇವ್ ಎಂದೇ ಹೆಸರಿತ್ತು. ಎಲೆಯ ಮೂಲೆಯಲ್ಲಿ ಅಕ್ಷರ ಅಚ್ಚು ಹಾಕುವ ಪದ್ಧತಿ ಬಂದಾಗ ಕಿಂಗ್‌ನ ಕೆ, ನೇವ್‌ನ ಕೆ-ಎನ್ ಒಂದಕ್ಕೊಂದು ಗಲಿಬಿಲಿಯಾಗಿ, ಜ್ಯಾಕ್ ಎಂಬ ಹೆಸರು ಆ ಸ್ಥಾನಕ್ಕೆ ಬಂತು. ಉಚ್ಚಾರವಿಲ್ಲದ ಕಕಾರವೇ ಕಡೆಗೆ ಇವನನ್ನು ಅಲ್ಲಿಂದಲೂ ಎಬ್ಬಿಸಿತು.

ನಮ್ಮ ಇಸ್ಪೀಟಿನಲ್ಲಿ ಆ ಎಲೆ ಗುಲಾಮ. ಅರಬ್ಬಿಯ ಗುಲಾಮ್ ಎಂಬುದರ ಮೊದಲ ಅರ್ಥ ಹುಡುಗ, ತರುಣ. ಆಮೇಲೆ ಸೇವಕ, ಕ್ರೀತದಾಸ. ಎಲ್ಲಿಯ ಅರೇಬಿಯ, ಎಲ್ಲಿಯ ಇಂಗ್ಲೆಂಡು! ಎರಡೂ ಕಡೆ ಹುಡುಗನೇ ಆಳಾದ, ಆಳೇ ಎಲೆಯಾದ. ದಾಸನಾಗಿದ್ದ ಕುತುಬುದ್ದೀನ್ ಐಬಕ್ 1206ರಲ್ಲಿ ಗದ್ದುಗೆಯೇರಿದ್ದರಿಂದ ಗುಲಾಮಿ ಸಂತತಿಯೆಂಬ ರಾಜವಂಶದ ಹೆಸರೂ ಹುಟ್ಟಿತು. ಕರಾವಳಿಯಲ್ಲಿ ಆಡುವ 28ರ ಆಟದಲ್ಲಂತೂ ರಾಜನಿಗಿಂತ, ಎಕ್ಕನಿಗಿಂತ ಗುಲಾಮನೇ ಮೇಲು. ಮಾತನಾಡಲಾರದ ಎಳೆಗೂಸು ಎಂಬರ್ಥದ ಲ್ಯಾಟಿನ್ ಪದ ಇಟಾಲಿಯನ್ನಿನಲ್ಲಿ ಇನ್‌ಫಾಂತೆ ಎಂಬ ತರುಣನಾಗಿ, ಕಾಲಾಳಾಗಿ, ಇಂಗ್ಲಿಷಿಗೆ ಇನ್‌ಫೆಂಟ್ರಿ ಎಂಬ ದಂಡಾಗಿ ಬಂದು, ಬೆಂಗಳೂರಿನ ದಂಡುಪ್ರದೇಶದಲ್ಲಿ ರಸ್ತೆಯ ಹೆಸರಾಗಿ ನಿಂತಿರುವುದನ್ನೂ ಇಲ್ಲಿಯೇ ನೆನೆಯಬಹುದು.

ಕನ್ನಡದಲ್ಲಿಯೂ ಈ ಜಾಡು ಹೊಸದಲ್ಲ. ಸಂಸ್ಕೃತದ ಮಾಣವ, ಮಾಣವಕಗಳ ಬಳಗದ ಮಾಣಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮುದ್ದಿನ ಗಂಡುಹುಡುಗ, ಉಪನಯನದಲ್ಲಿ ವಟು, ಹೋಟೆಲಿನಲ್ಲಿ ಕಾಫಿ-ತಿಂಡಿ ತಂದಿಡುವವ. ಭಟ ಎಂಬುದರಿಂದ ಬಂದ ಬಂಟ, ಹನುಮಂತನನ್ನು ರಾಮನ ಬಂಟ ಎಂದಾಗ ಭಕ್ತಿಯ ಪರಾಕಾಷ್ಠೆ. ಅದೇ ಬಂಟ ಪತ್ರಿಕೆಯ ಸುದ್ದಿಯಲ್ಲಿ ಯಾರೋ ಪುಢಾರಿಯ 'ಬಲಗೈ ಬಂಟ'ನಾದಾಗ ಮಾತಿನಲ್ಲಿ ಸಂಶಯದ ಧ್ವನಿ. ಪದ ಒಂದೇ, ಊಳಿಗವೂ ಒಂದೇ, ಒಡೆಯ ಬೇರೆ.

ಈ ಪದಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ತೀರ್ಮಾನ ಸ್ಪಷ್ಟ. ಕ್ನಿಹ್ತ್ ಮಾಡಿದ ಪುಣ್ಯವಿಲ್ಲ, ಕ್ನಾಫ ಮಾಡಿದ ಪಾಪವಿಲ್ಲ. ಒಂದನ್ನು ಏರಿಸಿದ್ದೂ ಇನ್ನೊಂದನ್ನು ಇಳಿಸಿದ್ದೂ ಅವು ಯಾರ ಬಾಗಿಲಲ್ಲಿ ನಿಂತವೆಂಬುದು. ಧಾತು ಸಿಕ್ಕಿತೆಂದು ಅರ್ಥ ಸಿಕ್ಕಿದಂತಾಗದು. ಹಳಗನ್ನಡ ಕಾವ್ಯದಲ್ಲೋ ಶಾಸನದಲ್ಲೋ ಆಳು, ಬಂಟ, ಮಾಣಿ ಎದುರಾದಾಗ ನಮ್ಮ ಕಾಲದ ಗೌರವವನ್ನಾಗಲಿ ತಾತ್ಸಾರವನ್ನಾಗಲಿ ಅವುಗಳ ಮೇಲೆ ಹೊರಿಸದೆ, ಆ ಸಾಲು ಹುಟ್ಟಿದ ಕಾಲದಲ್ಲಿ ಅವುಗಳಿಗಿದ್ದ ಸ್ಥಾನ ಯಾವುದೆಂದು ಕೇಳಿಕೊಂಡೇ ಮುಂದೆ ಓದೋಣ.