ನಾಯಿ, ಜಿಂಕೆ ಮತ್ತು ಪರವಾನಗಿ: ಬೇಟೆ ಕಾನೂನಿನ ಒಂದು ಅಳಿದ ಉಪವಾಕ್ಯ

1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ 17ನೆಯ ಕಲಮನ್ನು ಇಂದು ಯಾರೂ ಓದುವುದಿಲ್ಲ. 1991ರ ತಿದ್ದುಪಡಿಯಲ್ಲಿ ಅದು ಕಳಚಿಬಿತ್ತು. ಅದರ ಕೊನೆಯ ಉಪವಾಕ್ಯದ ಪ್ರಕಾರ ನೀರುಹಕ್ಕಿ, ಚಕೋರ, ಕವುಜುಗ, ಲಾವಕ್ಕಿಗಳನ್ನು ಬಿಟ್ಟು ಮತ್ತಾವ ಕಾಡುಪ್ರಾಣಿಯನ್ನೂ ನಾಯಿಗಳ ನೆರವಿನಿಂದ ಬೇಟೆಯಾಡುವಂತಿರಲಿಲ್ಲ. ಜಿಂಕೆಯ ಮೇಲಿನ ಕನಿಕರದಿಂದ ಈ ನಿರ್ಬಂಧ ಹುಟ್ಟಿತೆಂದು ನಂಬುವುದು ಕಷ್ಟ. ಸಾರಂಗ, ಕಡವೆ ಎರಡೂ ಅದೇ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ 'ದೊಡ್ಡ ಬೇಟೆ'ಯ ಪ್ರಾಣಿಗಳಾಗಿದ್ದವು. ಪರವಾನಗಿಯೂ ರೈಫಲ್ಲೂ ಇದ್ದವನು ಅವನ್ನು ಹೊಡೆಯಬಹುದಿತ್ತು.

ವಿನಾಯಿತಿಯೇ ಇಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಹೊಡೆದುರುಳಿಸಿದ ಹಕ್ಕಿಯನ್ನು ಕಚ್ಚಿ ತರುವುದು ಬಂದೂಕುಳ್ಳ ಸಾಹೇಬರ ನಾಯಿ, ಅದು ಉಳಿಯಿತು. ಹಳುವಿಗೆ ನುಗ್ಗಿ ಕಡವೆಯನ್ನೋ ಕಾಡುಕುರಿಯನ್ನೋ ಎಬ್ಬಿಸುವುದು ಊರವರ ನಾಯಿ, ಅದು ಅಪರಾಧಿಯಾಯಿತು. ನ್ಯಾಯಯುತ ಬೇಟೆ ಯಾವುದೆಂಬ ವಸಾಹತು ಕಾಲದ ಶಿಕಾರಿ ಶಿಷ್ಟಾಚಾರ ಕಾನೂನಿನ ಭಾಷೆ ತೊಟ್ಟು ಬಂದಿತ್ತು ಎಂಬುದು ನನ್ನ ವಾದ. ಮುಂಬೈಯಲ್ಲಿ 1883ರಲ್ಲಿ ಸ್ಥಾಪನೆಯಾದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೊದಲ ತಲೆಮಾರಿನಲ್ಲೂ ಕೋವಿ ಹಿಡಿದ ಪ್ರಾಣಿಪ್ರಿಯರಿದ್ದರು. 1972ಕ್ಕೆ ಮುಂಚೆ ಬೇಟೆ ಕಾನೂನು ಆಯಾ ರಾಜ್ಯದ್ದಾಗಿತ್ತು: 1951ರ ಮುಂಬೈ ಕಾಡುಪ್ರಾಣಿ ಮತ್ತು ಕಾಡುಪಕ್ಷಿ ಸಂರಕ್ಷಣಾ ಕಾಯಿದೆ ಬಂದಾಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬೈ ರಾಜ್ಯದಲ್ಲೇ ಇದ್ದವು. ಮುಂಬೈ ನಗರಕ್ಕೂ ಉತ್ತರ ಕನ್ನಡದ ದಾಂಡೇಲಿಯ ಕಾಡಿಗೂ ಒಂದೇ ಶಾಸನಸಭೆ. ಮೈಸೂರಿನದು ಬೇರೆ ದಾರಿ: ಅಲ್ಲಿ 1901ರಿಂದಲೇ ಬೇಟೆಗೂ ಮೀನಿಗೂ ಸೇರಿದ ರೆಗ್ಯುಲೇಷನ್ ಇತ್ತು.

ಕನ್ನಡ ನಾಡಿನ ಹಳೆಯ ದಾಖಲೆಗಳಲ್ಲಿ ಬೇಟೆನಾಯಿಗೆ ಇಂಥ ಕಳಂಕವಿಲ್ಲ. ಕ್ರಿ.ಶ. 949–50ರ ಆತಕೂರು ಶಾಸನದಲ್ಲಿ ಮಣಲೆರನೆಂಬ ಯೋಧ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು, ಭೂಮಿಯೂ ದತ್ತಿಯಾಯಿತು. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (ಸು. 1129) ನಾಯಿಗಳ ವಿನೋದಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಡುತ್ತದೆ. ಆದರೆ ಈ ಗೌರವವನ್ನು ಜಿಂಕೆ ಬೇಟೆಗೆ ಹಾಗೆಯೇ ವಿಸ್ತರಿಸಲಾಗದು. ತಿರುಗಿಬೀಳುವ ಹಂದಿಯೆದುರು ನಾಯಿ ವೀರ. ಓಡುವುದನ್ನೇ ನಂಬಿದ ಜಿಂಕೆಯ ಬೆನ್ನು ಹತ್ತಿದ ಹಿಂಡಿಗೆ ವೀರಗಲ್ಲಿನ ತರ್ಕ ಹೊಂದದು.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನಾಯಿಗಳಿಂದ ಬೇಟೆಯಾಡುವುದು ಸರಿಯೇ ಎಂಬ ಜಗಳ ಬೀದಿಗೆ ಬಂದು, ಅದನ್ನು ನಿಷೇಧಿಸಿದ 2004ರ ಹಂಟಿಂಗ್ ಆ್ಯಕ್ಟಿನಲ್ಲಿ ಮುಗಿಯಿತು. ಪೂರ್ತಿ ಮುಗಿಯಿತೆನ್ನಲು, ಎರಡೇ ನಾಯಿಗಳವರೆಗಿನ ವಿನಾಯಿತಿಗಳು ಬಿಡುವುದಿಲ್ಲ. ನಮ್ಮಲ್ಲಿ 1991ರಲ್ಲಿ ಪರವಾನಗಿ ಬೇಟೆಯೇ ನಿಂತದ್ದರಿಂದ ನಾಯಿಯ ಪ್ರಶ್ನೆ ಚರ್ಚೆಯಿಲ್ಲದೆ ಮುಳುಗಿತು. ಕಾಯಿದೆಯ 'ಬೇಟೆ'ಯ ವ್ಯಾಖ್ಯೆಯಲ್ಲಿ ಮಾತ್ರ ಅಟ್ಟಿಸಿ ಹಿಡಿಯುವುದೂ, ಅದರ ಪ್ರಯತ್ನವೂ ಉಳಿದುಕೊಂಡಿವೆ.

ಆ ವ್ಯಾಖ್ಯೆಗೆ ಒಬ್ಬ ಮನುಷ್ಯ ಬೇಕು. ಮನುಷ್ಯನಿಲ್ಲದೆ ನಾಯಿಯೇ ಅಟ್ಟುವುದಕ್ಕೆ ಮುಂಬೈಯನ್ನೇ ನೋಡಬಹುದು: ಅಲ್ಲಿನ ಸಾಷ್ಟಿ (ಸಾಲ್ಸೆಟ್) ದ್ವೀಪದಲ್ಲಿ ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಸಾರಂಗ, ಕಡವೆ, ಕಾಡುಕುರಿ ಇಂದಿಗೂ ಅಲ್ಲಿವೆ. ಸುತ್ತಲಿನ ವಸತಿಗಳಲ್ಲಿ ಬೀದಿನಾಯಿಗಳಿವೆ, ಅವುಗಳನ್ನು ತಿನ್ನುವ ಚಿರತೆಗಳೂ ಇವೆ. ಯಾರೂ ಛೂ ಬಿಡದ ನಾಯಿ ಜಿಂಕೆಯನ್ನು ಅಟ್ಟಿದರೆ ಕಾಯಿದೆಯ ಅರ್ಥದಲ್ಲಿ ಅದು ಬೇಟೆಯಲ್ಲ, ಬೇಟೆಗಾರನೂ ಇಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೋ, ಸಂತಾನಹರಣ ಮಾಡಿದ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿಸಬೇಕೆನ್ನುತ್ತವೆ. ಆ ಜಾಗ ಕಾಡಿನ ಅಂಚಾಗಿದ್ದರೂ ಸರಿಯೇ ಎಂಬ ಪ್ರಶ್ನೆಯನ್ನು ವನ್ಯಜೀವಿ ಕಾಯಿದೆಯೊಡನೆ ಇಟ್ಟು ಓದಬೇಕಾಗಿದೆ.